ಬಿಟ್ಟ ಚುಕ್ಕಿ

"ಗುರುಗಳೇ, ಅಳೆದು ಕಂಡುಕೊಂಡ ಸತ್ಯವನ್ನು ಬರೀ ಅಂಕಿಗಳಲ್ಲಿ ಹೇಳಿದರೆ ಜನ ಆಕಳಿಸುತ್ತಾರೆ. ಅದನ್ನೇ ಚೆಂದ ಮಾಡಿ ತೋರಿಸಿದರೆ ಕೇಳುತ್ತಾರಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. "ನಮ್ಮ ಬಾಗಿಲ ಮುಂದಿನ ರಂಗೋಲಿಯನ್ನೇ ನೋಡಿ. ಬೆಳಿಗ್ಗೆ ಒಳಗೆ ಬರುವ ಮುಂಚೆ ಎಷ್ಟು ಹೊತ್ತು ನಿಂತುಬಿಟ್ಟೆ!"

ಗುರುಗಳು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಶಾಲೆಯಲ್ಲಿ ಕಲಿತದ್ದನ್ನು ಶಾಲೆಯಲ್ಲೇ ಬಿಟ್ಟುಬರುವ ಜಾಣತನ ಅವಳಿಗಿರಲಿಲ್ಲ. ಊರಿನ ಬಾವಿಗಳ ನೀರನ್ನೆಲ್ಲ ಪರೀಕ್ಷಿಸಿದಳು. ಕೆಲವು ಬಾವಿಗಳಲ್ಲಿ ಮಕ್ಕಳ ಮೂಳೆ ಬಾಗಿಸುವಷ್ಟು ಫ್ಲೋರೈಡ್ ಇತ್ತು. ಅವುಗಳಲ್ಲಿ ಒಂದು ನೆರೆಮನೆಯ ಅಜ್ಜಿಯದು. ಆ ಅಜ್ಜಿಯ ಮೊಮ್ಮಗನ ಕಾಲು ಆಗಲೇ ಸೊಟ್ಟಗಾಗತೊಡಗಿತ್ತು.

ಹುಡುಗಿ ಊರ ಸಭೆಯಲ್ಲಿ ಅಂಕಿಗಳನ್ನು ಓದಿದಳು. ಹಿರಿಯರು ತಲೆದೂಗಿ, ಎದ್ದು ಮನೆಗೆ ಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಅವಳು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಸಂಕ್ರಾಂತಿಯ ಬೆಳಿಗ್ಗೆ ಚಾವಡಿಯ ಮುಂದೆ ದೊಡ್ಡ ರಂಗೋಲಿ ಹಾಕಿದಳು. ಒಂದೊಂದು ಬಾವಿಗೆ ಒಂದೊಂದು ಚುಕ್ಕಿ. ಕೆಟ್ಟ ನೀರಿನ ಬಾವಿ ಇದ್ದ ಕಡೆ ಚುಕ್ಕಿ ಇಡದೆ ಬಿಟ್ಟಳು. ಅಲ್ಲಿ ಎಳೆಯೂ ತುಂಡಾಯಿತು. ತುಂಡಾದ ಎಳೆಯನ್ನು ಕಂಡರೆ ನಮ್ಮ ಹೆಂಗಸರು ಸುಮ್ಮನಿರಲಾರರು ಎಂದು ಅವಳಿಗೆ ಗೊತ್ತಿತ್ತು. ಏಕೆಂದು ಕೇಳುತ್ತಾರೆ, ಆಗ ಹೇಳುತ್ತೇನೆ ಎಂದುಕೊಂಡು ಕೈ ತೊಳೆಯಲು ಹೋದಳು.

ಹೆಂಗಸರು ಸುಮ್ಮನಿರಲಿಲ್ಲ. ಹುಡುಗಿ ಬರುವಷ್ಟರಲ್ಲಿ, ಬಿಟ್ಟ ಚುಕ್ಕಿಗಳನ್ನೆಲ್ಲ ಅಜ್ಜಿಯೇ ಇಟ್ಟು, ಎಳೆ ಕೂಡಿಸಿ, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ತನ್ನ ಬಾವಿಯ ಚುಕ್ಕಿಯನ್ನೂ ತನ್ನ ಕೈಯಾರೆ ಇಟ್ಟಿದ್ದಳು.

"ಅಯ್ಯೋ ಅಜ್ಜೀ, ಅಲ್ಲಿ ಚುಕ್ಕಿ ಇರಬಾರದು! ಅದು ನಿನ್ನ ಬಾವಿ. ಆ ನೀರು ಕುಡಿದೇ ಕೂಸಿನ ಕಾಲು ಸೊಟ್ಟ ಆಗ್ತಿರೋದು!"

"ಹಬ್ಬದ ದಿನ ಕೆಟ್ಟ ಮಾತು ಆಡಬ್ಯಾಡ ಕಣವ್ವ. ಅವಸರದಾಗೆ ನೀನು ಬಿಟ್ಟಿದ್ಯಲ್ಲ, ನಾನು ಇಟ್ಟಿವ್ನಿ. ಚುಕ್ಕಿ ತಪ್ಪಿದ ರಂಗೋಲಿ ಮನೆ-ಮಕ್ಕಳಿಗೆ ಆಗಿಬರಾಕಿಲ್ಲ."

ಮೊಮ್ಮಗನಿಗೆ ಒಳ್ಳೆಯದಾಗಲಿ ಎಂದೇ ಅಜ್ಜಿ ಚುಕ್ಕಿ ತುಂಬಿದ್ದಳು. ಅವಳನ್ನು ಹುಡುಗಿ ಹೇಗೆ ಬೈದಾಳು? ಊರು ನೆರೆಯಿತು. ಇಂಥ ರಂಗೋಲಿ ಕಂಡೇ ಇಲ್ಲ ಎಂದರು. ಹುಡುಗಿ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದಳು. ಅವರು ಹೂಂಗುಟ್ಟುತ್ತ ರಂಗೋಲಿಯನ್ನೇ ನೋಡುತ್ತಿದ್ದರು. ಬಗ್ಗಿ ಬಗ್ಗಿ ದಣಿದಿದ್ದೀಯ ಎಂದು ಅಜ್ಜಿ ತನ್ನ ಬಾವಿಯ ನೀರನ್ನು ಚೊಂಬಿನಲ್ಲಿ ತಂದುಕೊಟ್ಟಳು. ಹುಡುಗಿಗೆ ಕುಡಿಯಲಾಗಲಿಲ್ಲ. ಚೊಂಬು ಎಳೆದುಕೊಂಡು ಮೊಮ್ಮಗ ಕುಡಿದ.

ಆ ರಂಗೋಲಿಯನ್ನು ಊರ ಹೆಂಗಸರು ಕಲಿತರು. ಮದುವೆಯಾಗಿ ಹೋದವರು ಬೇರೆ ಊರುಗಳಿಗೂ ಕೊಂಡೊಯ್ದರು. ಈಗ ಈ ಸೀಮೆಯಲ್ಲಿ ಅದಿಲ್ಲದ ಬಾಗಿಲಿಲ್ಲ. ಆ ಮೊಮ್ಮಗ ಈಗ ನಡೆಯುವುದಿಲ್ಲ.

ಶಿಷ್ಯನ ಕಣ್ಣು ತುಂಬಿತು. "ಇಷ್ಟು ಜನರಲ್ಲಿ ಒಬ್ಬರಿಗಾದರೂ ಆ ಬಿಟ್ಟ ಚುಕ್ಕಿ ಕಾಣಲಿಲ್ಲವೇ, ಗುರುಗಳೇ?"

"ಬೆಳಿಗ್ಗೆ ಬಾಗಿಲಲ್ಲಿ ಅಷ್ಟು ಹೊತ್ತು ನಿಂತಿದ್ದೆಯಲ್ಲ, ನಿನಗೆ ಕಂಡಿತೇ?"