ಮಿಂದ ಮೇಲಿನ ಮಣ್ಣು

ನದಿಯಲ್ಲಿ ಮಿಂದು ದಡಕ್ಕೆ ಬಂದ ಹೆಣ್ಣಾನೆ ದಿನದ ಪದ್ಧತಿಯಂತೆ ಸೊಂಡಿಲಿನಿಂದ ಕೆಂಪು ಮಣ್ಣೆತ್ತಿತು. ಅದನ್ನು ಕಂಡ ಬೆಳ್ಳಕ್ಕಿ ಮೂಗು ಮುರಿಯಿತು.

“ಏನಕ್ಕಾ ಇದು! ತೊಳೆದ ಮೈಗೆ ಮತ್ತೆ ಮಣ್ಣೇ? ನನ್ನನ್ನು ನೋಡು, ಎಷ್ಟು ಬೆಳ್ಳಗಿದ್ದೇನೆ!”

ಆನೆಗೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಅವ್ವ ಕಲಿಸಿದ್ದನ್ನು ಅಂದು ಕೈಬಿಟ್ಟು, ಮಿರಮಿರ ಮಿಂಚುವ ಮೈಯಲ್ಲೇ ಮೇಯಲು ಹೊರಟಿತು. ಬಿಸಿಲೇರಿತು. ಬೆನ್ನು ಚುರುಗುಟ್ಟಿತು, ಕಿವಿಯ ಹಿಂದೆ ನೊಣಗಳು ಮುತ್ತಿದವು. ಮರಕ್ಕೆ ಉಜ್ಜಿಕೊಂಡಷ್ಟೂ ಉರಿ ಹೆಚ್ಚಾಯಿತು. ಆದರೂ ಬೆಳ್ಳಕ್ಕಿ ಏನಂದುಕೊಂಡೀತೋ ಎಂದು ಹಲ್ಲು ಕಚ್ಚಿ ಸಹಿಸಿಕೊಂಡಿತು.

ಮಧ್ಯಾಹ್ನ ಬೆಳ್ಳಕ್ಕಿ ಎಂದಿನಂತೆ ಆನೆಯ ಬೆನ್ನೇರಿ ಕೂರಲು ಬಂತು. ಕಾಲೂರಿದ್ದೇ ತಡ, ಕಿರುಚಿಕೊಂಡು ಮೇಲಕ್ಕೆ ಹಾರಿತು.

“ಅಯ್ಯಯ್ಯೋ, ಕಾದ ಹೆಂಚಿನ ಹಾಗಿದೆ! ಅಕ್ಕಾ, ಒಂದಿಷ್ಟು ಮಣ್ಣಾದರೂ ಹಾಕಿಕೊಳ್ಳಬಾರದೇ?”

ಆನೆ ನದಿಗೆ ಓಡಿ ಮುಳುಗೆದ್ದು, ಸೊಂಡಿಲ ತುಂಬ ಮಣ್ಣೆತ್ತಿ ಬೆನ್ನಿಗೆ ಎರಚಿಕೊಂಡು “ಉಸ್ಸಪ್ಪಾ!” ಎಂದು ಕಣ್ಣು ಮುಚ್ಚಿತು. ಉರಿ ಇಳಿಯಿತು, ನೊಣಗಳು ದೂರವಾದವು.

ಅದು ಇನ್ನೊಮ್ಮೆ ಮಣ್ಣು ಎರಚಿಕೊಳ್ಳುವಾಗ ಬೆಳ್ಳಕ್ಕಿ ಆಗಲೇ ಬೆನ್ನ ಮೇಲೆ ಕುಳಿತಾಗಿತ್ತು. ಬಿಳಿ ರೆಕ್ಕೆಯೆಲ್ಲ ಕೆಂಪಾದರೂ ಅದು ಜಾಗ ಬಿಟ್ಟು ಕದಲಲಿಲ್ಲ.