ಸೀಳುಬಂಡೆ ದಾಟಿದ ಚಪ್ಪಟೆ ಚೀಲ

ಮುತ್ತುಗದ ಕಾಡಿನ ನಡುವೆ ಒಂದು ಹೊಂಡವಿತ್ತು. ಮಳೆಗಾಲದಲ್ಲಿ ತುಂಬಿ ತುಳುಕುವ ಆ ಹೊಂಡ ಬೇಸಿಗೆ ಬಂತೆಂದರೆ ಬರೀ ಕೆಸರು. ಆಗ ಅಲ್ಲಿನ ಪ್ರಾಣಿಗಳೆಲ್ಲ ಬೆನ್ನಿಗೆ ಚೀಲ ಕಟ್ಟಿಕೊಂಡು, ಗುಡ್ಡ ದಾಟಿ, ಆಚೆಯ ಹೊಳೆಯ ದಡಕ್ಕೆ ಹೋಗುತ್ತಿದ್ದವು. ಒಂದೂವರೆ ದಿನದ ದಾರಿ. ನಡುವೆ ಎಲ್ಲೂ ನೀರಿಲ್ಲ.

ಅಷ್ಟೇ ಆಗಿದ್ದರೆ ಈ ಕತೆ ಹೇಳುವ ಗೋಜಿಗೆ ನಾನು ಹೋಗುತ್ತಿರಲಿಲ್ಲ, ಮಕ್ಕಳೇ. ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಹೊರಡುವ ಬೆಳಿಗ್ಗೆ ಎಲ್ಲರೂ ಚಪ್ಪಡಿ ಕಲ್ಲಿನ ಮುಂದೆ ನಿಲ್ಲಬೇಕು. ನವಿಲು ಸಿಂಗಾರಯ್ಯ ಕಲ್ಲಿನ ಮೇಲೆ ನಿಂತು ಒಬ್ಬೊಬ್ಬರ ಚೀಲವನ್ನೂ ನೋಡುತ್ತಾನೆ. ಯಾರ ಚೀಲ ಎಲ್ಲಕ್ಕಿಂತ ಭರ್ಜರಿಯೋ ಅವರು ಸಾಲಿನ ಮುಂದೆ. ಯಾರದು ತೀರಾ ಸಪ್ಪೆಯೋ ಅವರು ಸಾಲಿನ ಕೊನೆಗೆ. ಮುಂದಿದ್ದವರಿಗೆ ಹೊಳೆಯ ಮೊದಲ ಗುಟುಕು. ಕೊನೆಯವರಿಗೆ ಎಲ್ಲರ ಕಾಲಿನ ಧೂಳು.

ಚೀಲ ಹೆಣೆಯುತ್ತಿದ್ದವನು ಗೀಜಗ ಹೊಂಬಯ್ಯ. ಗೂಡು ಹೆಣೆದು ಪಳಗಿದ ಕೊಕ್ಕು ಅವನದು. ಮೊದಲೆಲ್ಲ ಗೇಣುದ್ದದ ಚೀಲ ಹೆಣೆಯುತ್ತಿದ್ದ. ಈ ಪದ್ಧತಿ ಬಂದ ಮೇಲೆ ಚೀಲಗಳು ವರ್ಷವರ್ಷವೂ ಉಬ್ಬತೊಡಗಿದವು. ಒಬ್ಬರ ಚೀಲಕ್ಕೆ ಜಾಲರಿ ಬಂದರೆ ಇನ್ನೊಬ್ಬರ ಚೀಲಕ್ಕೆ ಗೊಂಡೆ. ಈ ಸಲ ನರಿ ಭರ್ಮಪ್ಪ ಎರಡು ಅಂತಸ್ತಿನ ಚೀಲವನ್ನೇ ಮಾಡಿಸಿದ್ದ.

ಹೊರಡಲು ಮೂರು ದಿನ ಇರುವಾಗ ಮುಂಗುಸಿ ಕೆಂಚವ್ವ ಹೊಂಬಯ್ಯನ ಮರದ ಕೆಳಗೆ ಬಂದಳು.

"ಹೊಂಬಯ್ಯ, ನನಗೊಂದು ಚಪ್ಪಟೆ ಚೀಲ ಬೇಕು. ಬೆನ್ನಿಗೆ ಅಂಟಿಕೊಂಡಿರಬೇಕು. ಬಾಯಿ ಪಕ್ಕದಲ್ಲಿರಲಿ, ಮೇಲೊಂದು ಮುಚ್ಚಳ ಇರಲಿ. ಒಳಗೆ ಎರಡು ಭಾಗ ಮಾಡು. ಒಂದರಲ್ಲಿ ತಿನ್ನುವುದಕ್ಕೆ ಇಟ್ಟುಕೊಳ್ಳುತ್ತೇನೆ, ಇನ್ನೊಂದರಲ್ಲಿ ಒದ್ದೆ ಪಾಚಿ. ಪಟ್ಟಿ ಎದೆಯ ಕೆಳಗೆ ಬರಬೇಕು. ಕುತ್ತಿಗೆಗೆ ಮಾತ್ರ ಬೇಡ."

"ಗೊಂಡೆ?"

"ಬೇಡ."

"ಜಾಲರಿಯಾದರೂ ಇರಲಿ."

"ಅದೂ ಬೇಡ."

ಹೊಂಬಯ್ಯನ ಮುಖ ಸಣ್ಣದಾಯಿತು. "ಇದನ್ನು ನಾನು ಹೆಣೆದೆ ಅಂತ ಯಾರಿಗೂ ಹೇಳಬೇಡ. ನನ್ನ ಹೆಸರು ಕೆಡುತ್ತದೆ."

"ಹೇಳುವುದಿಲ್ಲ. ಹೆಣಿಗೆ ಮಾತ್ರ ಗಟ್ಟಿಯಾಗಿರಲಿ," ಎಂದಳು ಕೆಂಚವ್ವ.

ಅವಳು ಯೋಚಿಸದೆ ಕೇಳಿರಲಿಲ್ಲ. ಅವಳಿಗೊಂದು ಎಳೆಯ ಮರಿ ಇತ್ತು, ಗಿಡ್ಡಿ ಎಂದು ಹೆಸರು. ನಾಲ್ಕು ಹೆಜ್ಜೆ ನಡೆದರೆ ಕುಳಿತುಬಿಡುವ ವಯಸ್ಸು. ಏರು ಬಂದಾಗ ಅದನ್ನು ಬಾಯಲ್ಲಿ ಕಚ್ಚಿ ಎತ್ತಿಕೊಳ್ಳಬೇಕು. ಕುತ್ತಿಗೆಗೆ ಪಟ್ಟಿ ಬಿಗಿದರೆ ಬಗ್ಗುವುದು ಹೇಗೆ? ಅದೂ ಅಲ್ಲದೆ ಗುಡ್ಡದ ನೆತ್ತಿಯಲ್ಲಿ ಸೀಳುಬಂಡೆ ಇದೆ. ಎರಡು ಬಂಡೆಗಳ ನಡುವಿನ ಸಂದು ಅದು. ಹೊಳೆಗೆ ಹೋಗಲು ಅದೊಂದೇ ದಾರಿ. ಹೋದ ವರ್ಷವೇ ಎಲ್ಲರ ಚೀಲವೂ ಅಲ್ಲಿ ಉಜ್ಜಿಕೊಂಡು ಹೋಗಿದ್ದನ್ನು ಕೆಂಚವ್ವ ನೋಡಿದ್ದಳು. ಎಲ್ಲರೂ ನೋಡಿದ್ದರು. ಅವಳೊಬ್ಬಳು ಮರೆತಿರಲಿಲ್ಲ.

ಹೊರಡುವ ಬೆಳಿಗ್ಗೆ ಸಿಂಗಾರಯ್ಯ ಗರಿ ಬಿಚ್ಚಿಕೊಂಡು ಚಪ್ಪಡಿ ಕಲ್ಲೇರಿದ. ಭರ್ಮಪ್ಪನ ಚೀಲ ನೋಡಿ ತಲೆದೂಗಿದ. ಕೆಂಚವ್ವನ ಚೀಲ ಕಂಡು ಕೊಕ್ಕು ಓರೆ ಮಾಡಿದ.

"ಇದು ಚೀಲವೋ, ಬೆನ್ನಿಗಂಟಿದ ಒಣ ಎಲೆಯೋ?"

ಎಲ್ಲರೂ ಕಿಸಕ್ಕನೆ ನಕ್ಕರು.

"ನಮ್ಮ ಹೊಂಡದ ಮರ್ಯಾದೆ ಏನಾಗಬೇಕು, ಕೆಂಚವ್ವ? ಹೊಳೆಯ ದಡದವರು ನೋಡಿದರೆ ನಗುವುದಿಲ್ಲವೇ?"

"ನಗಲಿ."

"ಯಾರದಾದರೂ ಒಳ್ಳೆಯ ಚೀಲ ಕೇಳಿ ಕಟ್ಟಿಕೋ. ಇಲ್ಲದಿದ್ದರೆ ಸಾಲಿನ ಕೊನೆಯಲ್ಲಿ ನಡೆಯಬೇಕಾಗುತ್ತದೆ. ಎಳೆಯ ಮರಿ ಧೂಳು ಕುಡಿಯುತ್ತದೆ, ನೋಡು."

ಆ ಮಾತು ಕೆಂಚವ್ವನ ಕರುಳಿಗೆ ತಾಗಿತು. ಅವಳು ಗಿಡ್ಡಿಯನ್ನು ಒಮ್ಮೆ ನೋಡಿದಳು. ಆಮೇಲೆ ತಲೆಯೆತ್ತಿದಳು.

"ಸಿಂಗಾರಯ್ಯನವರೇ, ನಿಮ್ಮ ಬೆನ್ನ ಮೇಲೆ ಚೀಲವೇ ಇಲ್ಲ. ಗುಡ್ಡವನ್ನು ನೀವು ಹಾರಿ ದಾಟುತ್ತೀರಿ. ಹೊರುವ ಬೆನ್ನು ನನ್ನದು, ಎತ್ತಿಕೊಳ್ಳುವ ಮರಿ ನನ್ನದು. ಎಂಥ ಚೀಲ ಬೇಕು ಅಂತ ನೀವು ಹೇಳಬೇಡಿ. ನಾನು ಕೊನೆಯಲ್ಲೇ ನಡೆಯುತ್ತೇನೆ."

ಆ ಕಲ್ಲಿನ ಮುಂದೆ ಹಾಗೆ ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ. ನಕ್ಕವರೆಲ್ಲ ನೆಲ ನೋಡಿದರು. ಸಿಂಗಾರಯ್ಯ ಗರಿ ಮಡಚಿ, "ಸರಿ, ಹೊರಡಿ," ಎಂದ.

ಕೊನೆಯಲ್ಲಿ ಧೂಳೆಂದರೆ ಧೂಳು. ಕೆಂಚವ್ವ ಗಳಿಗೆಗೊಮ್ಮೆ ನಿಂತು, ಮುಚ್ಚಳ ಸರಿಸಿ, ಪಾಚಿ ತೆಗೆದು ಗಿಡ್ಡಿಯ ಬಾಯಿಗೆ ಹಿಂಡುತ್ತಿದ್ದಳು. ಏರು ಬಂದಾಗ ಮರಿಯನ್ನು ಕಚ್ಚಿ ಎತ್ತಿಕೊಳ್ಳುತ್ತಿದ್ದಳು. ಮೊದಲ ದಿನ ಹಾಗೇ ಕಳೆಯಿತು.

ಎರಡನೆಯ ದಿನ ಬಿಸಿಲು ನೆತ್ತಿಗೇರುವ ಹೊತ್ತಿಗೆ ಸಾಲು ಸೀಳುಬಂಡೆಗೆ ಬಂದು ನಿಂತಿತು. ನಿಂತದ್ದು ಮುಂದೆ ಕದಲಲೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಚೀಲ ಎಲ್ಲರಿಗಿಂತ ಮುಂದೆ ಇತ್ತಲ್ಲ, ಅದು ಬೂಚಿನಂತೆ ಸಂದಿಗೆ ಬಿಗಿದುಕೊಂಡಿತ್ತು. ಚೀಲದ ಕೆಳಗೆ ಭರ್ಮಪ್ಪ ನೇತಾಡುತ್ತಿದ್ದ. ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಹಿಂದಕ್ಕೆ ಎಳೆಯೋಣವೇ?" ಎಂದು ಕೇಳಿತು ಮುಳ್ಳುಹಂದಿ.

"ಎಳೆಯಬೇಡಿ, ಜಾಲರಿ ಹರಿಯುತ್ತದೆ. ಮುಂದಕ್ಕೆ ತಳ್ಳಿ," ಎಂದ ಭರ್ಮಪ್ಪ.

ಸಿಂಗಾರಯ್ಯ ಹಾರಿ ಬಂಡೆಯ ಮೇಲೆ ಕುಳಿತು, "ತಳ್ಳಿ, ಜೋರಾಗಿ ತಳ್ಳಿ," ಎಂದು ಅಪ್ಪಣೆ ಕೊಡತೊಡಗಿದ. ಮುಳ್ಳುಹಂದಿ ತಿರುಗಿ ನಿಂತು ತಳ್ಳಿತು. ಭರ್ಮಪ್ಪ ಕಿರುಚಿದನೇ ಹೊರತು ಚೀಲ ಜಗ್ಗಲಿಲ್ಲ. ಇನ್ನಷ್ಟು ಬಿಗಿಯಿತು.

ಸಾಲಿನ ಕೊನೆಯಲ್ಲಿ ಪಾಚಿ ಒಣಗಿಹೋಗಿತ್ತು. ಕೆಂಚವ್ವ ಎಷ್ಟು ಹಿಂಡಿದರೂ ಹನಿ ಬರಲಿಲ್ಲ. ಗಿಡ್ಡಿ ಕಣ್ಣು ಮುಚ್ಚಿತ್ತು. ಕರೆದರೆ ಓಗೊಡಲಿಲ್ಲ.

ಕೆಂಚವ್ವ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಳು. ಎಲ್ಲರ ಕಾಲ ಸಂದಿಯಲ್ಲಿ ನುಸುಳಿದಳು. ಭರ್ಮಪ್ಪನ ನೇತಾಡುವ ಕಾಲುಗಳ ಕೆಳಗೆ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿದಳು. ಚಪ್ಪಟೆ ಚೀಲ ಬೆನ್ನು ಬಿಟ್ಟು ಏಳಲಿಲ್ಲ, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಆಚೆ ಬಂದವಳೇ ಇಳಿಜಾರಿನಲ್ಲಿ ಒಂದೇ ಉಸಿರಿಗೆ ಓಡಿದಳು. ಹೊಳೆಯಲ್ಲಿ ಮರಿಯ ಮುಖ ಅದ್ದಿದಳು. ಸ್ವಲ್ಪ ಹೊತ್ತಿಗೆ ಗಿಡ್ಡಿ ನಾಲಗೆ ಚಾಚಿ ನೀರು ನೆಕ್ಕಿತು. ಕೆಂಚವ್ವ ಅಲ್ಲೇ ಕುಳಿತು ಅತ್ತಳು.

ನಾನಾಗಿದ್ದರೆ ಅಲ್ಲೇ ಕಾಲು ಚಾಚಿ ಮಲಗಿಬಿಡುತ್ತಿದ್ದೆ. ನಕ್ಕವರೆಲ್ಲ ಒಣಗಲಿ ಎನ್ನುತ್ತಿದ್ದೆ. ಕೆಂಚವ್ವ ಗಿಡ್ಡಿಯನ್ನು ಬೇರಿನ ಸಂದಿಯ ತಂಪಿನಲ್ಲಿ ಮಲಗಿಸಿದಳು. ಚೀಲದ ಪಾಚಿಯನ್ನು ಚೆನ್ನಾಗಿ ತೋಯಿಸಿಕೊಂಡು ಮತ್ತೆ ಗುಡ್ಡ ಹತ್ತಿದಳು.

"ಕೆಂಚವ್ವ, ನಮ್ಮವ್ವ, ಒಂದು ಹನಿ ನೀರು ಕೊಡು," ಎಂದ ಭರ್ಮಪ್ಪ.

"ಮೊದಲು ಪಟ್ಟಿ ಕಡಿಯುತ್ತೇನೆ, ಭರ್ಮಣ್ಣ. ಹಿಂದೆ ಮರಿಗಳಿವೆ."

"ಕಡಿಯಬೇಡ. ಇಂಥ ಚೀಲ ಈ ಕಾಡಿನಲ್ಲೇ ಇಲ್ಲ. ಹನ್ನೆರಡು ಗೊಂಡೆ ಇವೆ."

"ಹಾಗಾದರೆ ಗೊಂಡೆಯನ್ನೇ ಹೀರುತ್ತಿರು."

ಭರ್ಮಪ್ಪ ಎರಡು ಸಲ ಉಗುಳು ನುಂಗಲು ನೋಡಿದ. ನುಂಗಲು ಉಗುಳೂ ಉಳಿದಿರಲಿಲ್ಲ. "ಆಯಿತು, ಕಡಿ," ಎಂದ.

ಕೆಂಚವ್ವ ಪಟ್ಟಿ ಕಡಿದಳು. ಭರ್ಮಪ್ಪ ದೊಪ್ಪನೆ ಕೆಳಗೆ ಬಿದ್ದ. ಅವಳು ಒದ್ದೆ ಪಾಚಿಯನ್ನು ಅವನ ಬಾಯಿಗೆ ಹಿಂಡಿದಳು. ಚೀಲ ಮಾತ್ರ ಇನ್ನೂ ಸಂದಿಯಲ್ಲೇ ಇತ್ತು. ಕೆಂಚವ್ವ ಅದರ ಹೊಟ್ಟೆ ಸೀಳಿದಳು. ಒಳಗಿನಿಂದ ಒಣಹುಲ್ಲು ರಾಶಿ ರಾಶಿಯಾಗಿ ಸುರಿಯಿತು. ಎರಡೂ ಅಂತಸ್ತಿನ ತುಂಬ ಅದೇ. ಹುಲ್ಲಿನ ಜೊತೆಗೆ ಎರಡು ಬೋರೆಹಣ್ಣು ಉರುಳಿ ಬಂದವು. ಭರ್ಮಪ್ಪನ ಒಂದೂವರೆ ದಿನದ ಬುತ್ತಿ ಅಷ್ಟೇ. ಯಾರೂ ನಗಲಿಲ್ಲ. ಅವರವರ ಚೀಲದೊಳಗೆ ಏನಿದೆ ಎಂಬುದು ಅವರವರಿಗೆ ಗೊತ್ತಿತ್ತು.

ಸಿಂಗಾರಯ್ಯ ಬಂಡೆಯಿಂದ ಕೆಳಗೆ ಇಳಿದ. ಗಂಟಲು ಸರಿಪಡಿಸಿಕೊಂಡ.

"ಇನ್ನು ಮೇಲೆ ಪದ್ಧತಿ ಬದಲಾಗಲಿ. ಯಾರ ಚೀಲ ಎಲ್ಲಕ್ಕಿಂತ ಚಪ್ಪಟೆಯೋ ಅವರು ಸಾಲಿನ ಮುಂದೆ. ಬಾ ಕೆಂಚವ್ವ, ನೀನೇ ಮುಂದೆ ನಿಲ್ಲು."

"ನಾನು ನಿಲ್ಲುವುದಿಲ್ಲ," ಎಂದಳು ಕೆಂಚವ್ವ. "ಹಾಗೆ ಮಾಡಿದರೆ ಮುಂದಿನ ವರ್ಷ ಇವರೆಲ್ಲ ಒಂದು ಹಣ್ಣೂ ಹಿಡಿಸದ ಚೀಲ ಕಟ್ಟಿಕೊಂಡು ಬರುತ್ತಾರೆ. ದಾರಿಯಲ್ಲಿ ಹಸಿವಿನಿಂದ ಬೀಳುತ್ತಾರೆ. ಮುಳ್ಳುಹಂದಿಯ ಬೆನ್ನಿಗೆ ಬೇಕಾದ ಚೀಲ ಬೇರೆ, ನನ್ನದು ಬೇರೆ. ನೀವು ಚೀಲ ನೋಡುವುದನ್ನೇ ಬಿಟ್ಟುಬಿಡಿ."

"ಮತ್ತೆ ಸಾಲಿನ ಮುಂದೆ ಯಾರು ನಡೆಯಬೇಕು?"

"ಎಲ್ಲರಿಗಿಂತ ಹೆಚ್ಚು ಬಾಯಾರಿದವರು."

ಸಿಂಗಾರಯ್ಯ ಒಪ್ಪಿದನೋ ಇಲ್ಲವೋ ಎಂದು ಯಾರೂ ಕಾಯಲಿಲ್ಲ. ದೊಡ್ಡವರು ಪಕ್ಕಕ್ಕೆ ಸರಿದು ನಿಂತರು. ಮೊಲದ ಮರಿಗಳು, ಮುಳ್ಳುಹಂದಿಯ ಮರಿಗಳು ಅವರ ಮುಂದೆಯೇ ಸೀಳುಬಂಡೆ ದಾಟಿ ಹೊಳೆಯ ಕಡೆಗೆ ಓಡಿದವು.

ನೀತಿ: ದಾರಿಗೆ ಬೇಕಾದ ಚೀಲವನ್ನು ಹೊರುವವರೇ ಆರಿಸಿಕೊಳ್ಳಬೇಕು, ನೋಡುವವರ ಮೆಚ್ಚುಗೆಗಾಗಿ ಹೊತ್ತ ಚೀಲ ತನ್ನ ದಾರಿಯನ್ನೂ ಹಿಂದೆ ಬರುವವರ ದಾರಿಯನ್ನೂ ಮುಚ್ಚುತ್ತದೆ.