ಹೆಬ್ಬಾವಿಗೆ ಉಣಿಸಿದ ಬಳೆಗಾರ

"ಗುರುಗಳೇ, ಪ್ರೀತಿಯಿಂದ ಬಡಿಸಿದವನ ಮೇಲೆಯೇ ಉಂಡವನು ಹರಿಹಾಯ್ದರೆ ತಪ್ಪು ಯಾರದು?"

ಕೇಳಿದವನು ಅಡಿವೆಪ್ಪ. ಐವತ್ತು ದಾಟಿದ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮಠಕ್ಕೆ ಬಂದವನು. ದಾಸೋಹದಲ್ಲಿ ಬಡಿಸುವ ಕೆಲಸ ಅವನದು. ಕಾಲುನೋವಿನಿಂದ ಮಠದಲ್ಲಿ ಉಳಿದುಕೊಂಡಿದ್ದ ಒಬ್ಬ ದಾರಿಹೋಕನನ್ನು ಅವನು ವಿಶೇಷವಾಗಿ ನೋಡಿಕೊಳ್ಳುತ್ತಿದ್ದ. ಹೊತ್ತು ಹೊತ್ತಿಗೆ ಎದುರಿಗೆ ಕೂತು, ಬೇಕು ಬೇಡ ಕೇಳಿ, ಒತ್ತಾಯ ಮಾಡಿ ಬಡಿಸುತ್ತಿದ್ದ. ಹಿಂದಿನ ದಿನ ಆ ದಾರಿಹೋಕ ಇಡೀ ಪಂಕ್ತಿಯ ಮುಂದೆ ಎಲೆಯನ್ನು ಅತ್ತ ಸರಿಸಿ, "ಸಾಕು, ಎದ್ದು ಹೋಗು" ಎಂದು ಗದರಿಬಿಟ್ಟಿದ್ದ. ಅಡಿವೆಪ್ಪನಿಗೆ ಅದು ಚುಚ್ಚಿತ್ತು.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಹೆಸರು ಈರಸಂಗಪ್ಪ. ಹೆಗಲಿಗೆ ಬಳೆಯ ಸರಗಳನ್ನು ಕಟ್ಟಿದ ಮಲಾರ ಹಾಕಿಕೊಂಡು ಸುತ್ತಲಿನ ಊರುಗಳನ್ನು ತಿರುಗುತ್ತಿದ್ದ. ಗಾಜಿನ ಬಳೆ ತೊಡಿಸುವುದು ಸುಲಭದ ಕೆಲಸವಲ್ಲ. ಕೈ ಹಿಡಿದು, ಬೆರಳ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಎಲುಬು ಮಣಿಯುವ ಜಾಗ ನೋಡಿ ಬಳೆ ಏರಿಸಬೇಕು. ಅವಸರ ಮಾಡಿದರೆ ಬಳೆಯೂ ಹೋಯಿತು, ಕೈಯೂ ಕೊಯ್ದುಹೋಯಿತು. ಈರಸಂಗಪ್ಪನ ಕೈಯಲ್ಲಿ ಹಾಗಾದದ್ದೇ ಇಲ್ಲ. ಅಳುವ ಎಳೆಯ ಹುಡುಗಿಯರೂ ಅವನ ಮುಂದೆ ಕೈ ಚಾಚಿ ಸುಮ್ಮನಾಗುತ್ತಿದ್ದರು. "ಕೈ ಅಂದರೆ ಈರಸಂಗಪ್ಪನದು" ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಆ ಮಾತು ಅವನಿಗೆ ಊಟಕ್ಕಿಂತ ಹೆಚ್ಚು ರುಚಿಸುತ್ತಿತ್ತು.

ಅವನ ಹೆಂಡತಿ ಬಸಲಿಂಗವ್ವ. ಅವಳ ಅಣ್ಣ ಹುಚ್ಚೀರಪ್ಪ ಊರೂರು ತಿರುಗುವ ಸರ್ಕಸ್ಸಿನಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ. ಆ ಸರ್ಕಸ್ಸು ಮುಚ್ಚಿತು. ಬೇರೆ ಪ್ರಾಣಿಗಳೆಲ್ಲ ಒಂದೊಂದು ಕಡೆ ಹೋದವು. ಒಂದು ಎಳೆಯ ಹೆಬ್ಬಾವನ್ನು ಮಾತ್ರ ಯಾರೂ ಕೇಳಲಿಲ್ಲ. ಹುಚ್ಚೀರಪ್ಪ ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ತಂಗಿಯ ಮನೆಗೆ ಬಂದ.

"ಈರಸಂಗಪ್ಪನವರೇ, ನಾನು ಕೆಲಸ ಹುಡುಕಿಕೊಂಡು ದೂರ ಹೋಗುತ್ತಿದ್ದೇನೆ. ಬರುವ ತನಕ ಇದು ನಿಮ್ಮಲ್ಲಿರಲಿ" ಎಂದ.

ಬಳೆಗಾರನ ಮನೆಯ ಅಟ್ಟದಲ್ಲಿ ಹುಲ್ಲಿನೊಳಗೆ ಬಳೆಗಳನ್ನು ಜೋಡಿಸಿ ಇಡುತ್ತಿದ್ದರು. ಹುಲ್ಲಿದ್ದಲ್ಲಿ ಇಲಿಗಳು ಬರುತ್ತಿದ್ದವು. ಬೋನಿಗೆ ಬಿದ್ದ ಇಲಿಗಳನ್ನು ಏನು ಮಾಡುವುದೆಂದು ಬಸಲಿಂಗವ್ವ ದಿನವೂ ಗೊಣಗುತ್ತಿದ್ದಳು. ಹಾಗಾಗಿ ಹಾವಿಗೆ ಆ ಮನೆಯಲ್ಲಿ ಜಾಗ ಸಿಕ್ಕಿತು.

ಹೊರಡುವ ಮೊದಲು ಹುಚ್ಚೀರಪ್ಪ ಒಂದು ಉದ್ದನೆಯ ಇಕ್ಕಳವನ್ನು ಪೆಟ್ಟಿಗೆಯ ಮೇಲೆ ಇಟ್ಟ. "ಇದಕ್ಕೆ ವಿಷವಿಲ್ಲ. ಆದರೆ ಹಲ್ಲಿದೆ, ಹಿಡಿತವಿದೆ. ಜೀವಂತ ಇಲಿಯನ್ನು ಒಳಗೆ ಬಿಡಬೇಡಿ, ಹೆದರಿದ ಇಲಿ ಹಾವನ್ನೇ ಕಚ್ಚಿ ಹುಣ್ಣು ಮಾಡುತ್ತದೆ. ಸತ್ತದ್ದನ್ನು ಇಕ್ಕಳದಲ್ಲಿ ಹಿಡಿದು ದೂರದಿಂದ ಕೊಡಿ. ಹಾವಿನ ನಡುವಿಗಿಂತ ದಪ್ಪದ್ದು ಬೇಡ. ತಿಂದ ಮೇಲೆ ಅದು ಅರಗುವ ತನಕ ಮುಟ್ಟಬೇಡಿ. ಇಲಿ ಮುಟ್ಟಿದ ಕೈಯನ್ನು ತೊಳೆಯದೆ ಪೆಟ್ಟಿಗೆಯ ಹತ್ತಿರ ಒಯ್ಯಲೇಬೇಡಿ."

"ಅಕಸ್ಮಾತ್ ಹಿಡಿದುಕೊಂಡರೆ ಏನು ಮಾಡುವುದಣ್ಣ?" ಎಂದು ಬಸಲಿಂಗವ್ವ ಕೇಳಿದಳು.

"ಎಳೆಯಬಾರದು. ಅದರ ಹಲ್ಲುಗಳು ಒಳಕ್ಕೆ ಬಾಗಿರುತ್ತವೆ, ಎಳೆದಷ್ಟೂ ಮಾಂಸ ಹರಿಯುತ್ತದೆ. ಬಾಯಿಯ ಮೇಲೆ ತಣ್ಣೀರು ಸುರಿದು, ಬಾಲದ ಕಡೆಯಿಂದ ಸುತ್ತು ಬಿಡಿಸಬೇಕು."

ಈರಸಂಗಪ್ಪ ತಲೆಯಾಡಿಸಿದ. ಮೊದಮೊದಲು ಎಲ್ಲವನ್ನೂ ಹೇಳಿದ ಹಾಗೆಯೇ ಮಾಡಿದ. ಹಾವು ತಿಂದಿತು, ಸುರುಳಿ ಸುತ್ತಿ ಮಲಗಿತು, ಪೊರೆ ಬಿಟ್ಟಿತು, ಬೆಳೆಯಿತು. ಅದರ ಪಾಡಿಗೆ ಅದಿತ್ತು.

ಆದರೆ ಅವನ ಮನಸ್ಸಿಗೆ ಇಕ್ಕಳ ಒಗ್ಗಲಿಲ್ಲ. ಒಲೆಯ ಕೆಂಡ ಹಿಡಿಯುವ ಸಾಮಾನಿನಲ್ಲಿ ಹಿಡಿದು ಮನೆಯ ಜೀವಕ್ಕೆ ಆಹಾರ ಕೊಡುವುದೇ? ಊರೆಲ್ಲ ನಂಬಿದ ಕೈ ಇದು, ಒಂದು ಹಾವು ನಂಬಲಾರದೇ? ಹೀಗೆ ಯೋಚಿಸಿ ಒಂದು ದಿನ ಇಕ್ಕಳವನ್ನು ಗೋಡೆಗೆ ಒರಗಿಸಿಟ್ಟ. ಇಲಿಯ ಬಾಲವನ್ನು ಬೆರಳುಗಳಲ್ಲೇ ಹಿಡಿದು ಪೆಟ್ಟಿಗೆಯೊಳಗೆ ಇಳಿಬಿಟ್ಟ. ಹಾವು ತಟ್ಟನೆ ಬಂದು ಇಲಿಯನ್ನು ಸೆಳೆದುಕೊಂಡಿತು. ಅವನ ಬೆರಳಿಗೆ ಒಂದು ಗೀರೂ ಆಗಲಿಲ್ಲ.

ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಯನ್ನು ಕೂಗಿ ಕರೆದು, "ನೋಡು, ಇದಕ್ಕೆ ನನ್ನ ಕೈ ಗೊತ್ತು" ಎಂದ.

"ಅದಕ್ಕೆ ಇಲಿ ಗೊತ್ತು. ನಮ್ಮಣ್ಣ ಹೇಳಿದ್ದನ್ನು ಮರೆಯಬೇಡಿ" ಎಂದು ಅವಳು ಒಳಗೆ ಹೋದಳು.

ಅಂದಿನಿಂದ ಅವನು ಇಕ್ಕಳ ಮುಟ್ಟಲಿಲ್ಲ. ಸುದ್ದಿ ಹಬ್ಬಿತು. ಬಳೆ ಕೊಳ್ಳಲು ಬಂದವರು ಹಾವನ್ನೂ ನೋಡಿ ಹೋಗತೊಡಗಿದರು. ಇಲಿಯನ್ನು ಒಳಗೆ ಇಳಿಬಿಡುವಾಗ ಹೆಂಗಸರು ಉಸಿರು ಬಿಗಿಹಿಡಿಯುತ್ತಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಆ ಎರಡು ಗಳಿಗೆಗಳ ನಡುವೆ ಈರಸಂಗಪ್ಪ ಅವರ ಮುಖಗಳನ್ನು ನೋಡುತ್ತಿದ್ದ. ನೋಡಲು ಜನ ಬಂದಾಗೆಲ್ಲ, ಹಾವಿಗೆ ಹಸಿವಿರಲಿ ಬಿಡಲಿ, ಪೆಟ್ಟಿಗೆ ತೆರೆಯುತ್ತಿದ್ದ. ಒಮ್ಮೆ ಹೀಗೆ ತಿಂದದ್ದು ಅರಗುವ ಮೊದಲೇ ಇನ್ನೊಂದು ಕೊಟ್ಟಾಗ ಹಾವು ಎರಡನ್ನೂ ಕಾರಿಕೊಂಡಿತು. ಬಸಲಿಂಗವ್ವ ಪೆಟ್ಟಿಗೆಯನ್ನು ತೊಳೆದಳು.

ಗೌಡರ ಮನೆಯಲ್ಲಿ ಮದುವೆ ಗೊತ್ತಾಯಿತು. ಬಳೆ ಆರಿಸಲು ಗೌಡತಿ ಸೊಸೆಯಂದಿರನ್ನು, ನೆಂಟರ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಳೆಗಾರನ ಮನೆಗೇ ಬಂದಳು. ಆ ಬೆಳಿಗ್ಗೆ ಬೋನಿನಲ್ಲಿ ಒಂದು ಇಲಿ ಸತ್ತು ನಾರುತ್ತಿತ್ತು. ಈರಸಂಗಪ್ಪ ಅದನ್ನು ಕೈಯಿಂದಲೇ ಎತ್ತಿ ತಿಪ್ಪೆಗೆ ಎಸೆದು ಬಂದಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಇಷ್ಟು ಜನರನ್ನು ಕಂಡು ಕೈಯನ್ನು ಪಂಚೆಗೆ ಒರೆಸಿಕೊಂಡು ಎದುರುಗೊಂಡ.

ಬಳೆ ಆರಿಸಿದ್ದಾಯಿತು. ಗೌಡತಿ ನಕ್ಕು, "ನಿಮ್ಮ ಕೈ ಗುರುತು ಹಿಡಿಯುವ ಹಾವು ಎಲ್ಲಿ? ನಮ್ಮ ಹುಡುಗಿಯರೂ ನೋಡಲಿ" ಎಂದಳು.

ಕೊಡಲು ಇಲಿಯಿರಲಿಲ್ಲ. ಇಲ್ಲದಿದ್ದರೂ ಏನಂತೆ, ಮೈದಡವಿ ತೋರಿಸೋಣ ಎಂದುಕೊಂಡು ಈರಸಂಗಪ್ಪ ಮುಚ್ಚಳ ತೆರೆದು ಬಲಗೈಯನ್ನು ಒಳಗಿಟ್ಟ. ಅವನ ಕಣ್ಣು ಗೌಡತಿಯ ಮುಖದ ಮೇಲಿತ್ತು. ಹಾವು ಬಂದದ್ದು ಅವನಿಗೆ ಕಾಣಲೇ ಇಲ್ಲ. ಹೆಬ್ಬೆರಳಿನ ಬುಡಕ್ಕೆ ಅದರ ಬಾಯಿ ಕಚ್ಚಿಕೊಂಡಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೈಯೆಲ್ಲ ಮೊಣಕೈ ತನಕ ಸುತ್ತಿಕೊಂಡಿತು.

ಹುಡುಗಿಯರು ಚೀರಿಕೊಂಡು ಹೊರಗೆ ಓಡಿದರು. ಈರಸಂಗಪ್ಪ ಎಡಗೈಯಿಂದ ಅದರ ತಲೆ ಹಿಡಿದು ಎಳೆದ. ಮಾಂಸ ಹರಿಯಿತು. ಮತ್ತೆ ಎಳೆದ.

"ಎಳೆಯಬೇಡಿ!" ಎಂದು ಕೂಗುತ್ತ ಬಸಲಿಂಗವ್ವ ನೀರಿನ ಕೊಡ ಎತ್ತಿಕೊಂಡು ಬಂದಳು. "ಕೈ ಅಲ್ಲಾಡಿಸಬೇಡಿ, ಕೂತುಕೊಳ್ಳಿ!" ಹಾವಿನ ಬಾಯಿಯ ಮೇಲೆ ನೀರು ಸುರಿದಳು. ಬಾಲದ ತುದಿಯನ್ನು ಹುಡುಕಿ ಹಿಡಿದು ಒಂದೊಂದೇ ಸುತ್ತು ಬಿಚ್ಚತೊಡಗಿದಳು. ನೀರು ಸುರಿದಂತೆ ಬಾಯಿ ಸಡಿಲವಾಯಿತು. ಹಾವನ್ನು ಪೆಟ್ಟಿಗೆಗೆ ಹಾಕಿ ಚಿಲಕ ಬಿಗಿದಳು. ಆಮೇಲೆ ಸೆರಗು ಹರಿದು ಗಂಡನ ಕೈಗೆ ಬಿಗಿಯಾಗಿ ಸುತ್ತಿದಳು.

ಗಾಯ ಕೀವಾಯಿತು. ವೈದ್ಯರು ಒಳಗೆ ಉಳಿದಿದ್ದ ಹಲ್ಲಿನ ಚೂರುಗಳನ್ನು ತೆಗೆದರು. ಜೀವಕ್ಕೆ ಭಯವಿಲ್ಲ, ಆದರೆ ಹೆಬ್ಬೆರಳು ಮೊದಲಿನಂತೆ ಮಡಚುವುದಿಲ್ಲ ಎಂದರು. ಗೌಡರ ಮನೆಯ ಮದುವೆಗೆ ಬಸಲಿಂಗವ್ವ ಹೋಗಿ ಬಳೆ ತೊಡಿಸಿ ಬಂದಳು. ಆಮೇಲೆ ಮಲಾರವನ್ನು ಅವಳೇ ಹೊತ್ತಳು.

ಮನೆಯಲ್ಲಿ ಕೂತ ಈರಸಂಗಪ್ಪನಿಗೆ ನೋವಿಗಿಂತ ಅವಮಾನವೇ ಹೆಚ್ಚಾಗಿ ಕಾಡಿತು. ಊರವರು ಬಂದು ಅದನ್ನು ಹೊಡೆದುಹಾಕಿ ಎಂದರು. ಒಂದು ಸಂಜೆ ಹೆಂಡತಿ ತಿರುಗಾಟ ಮುಗಿಸಿ ಬಂದಾಗ ಅವನು ಎಡಗೈಯಲ್ಲಿ ಒನಕೆ ಹಿಡಿದು ಪೆಟ್ಟಿಗೆಯ ಮುಂದೆ ನಿಂತಿದ್ದ.

"ಇಷ್ಟು ಕಾಲ ಸಾಕಿದೆ. ಒಂದು ದಿನವಾದರೂ ಹಸಿವಿಗೆ ಬಿಟ್ಟೆನೇ? ಇದಕ್ಕೆ ನನ್ನ ಗುರುತೇ ಇಲ್ಲವೇ?" ಎಂದ.

ಬಸಲಿಂಗವ್ವ ಮಲಾರ ಇಳಿಸಿದಳು. "ಅದಕ್ಕೆ ನಿಮ್ಮ ಕೈಯಿಂದ ಇಲಿಯ ವಾಸನೆ ಬಂತು. ಮುಚ್ಚಳ ತೆರೆದಾಗೆಲ್ಲ ಕೈ ಬರುತ್ತಿತ್ತು, ಕೈಯ ಜೊತೆ ಊಟ ಬರುತ್ತಿತ್ತು. ಅದಕ್ಕೆ ಹಾಗೆ ಕಲಿಸಿದವರು ನೀವು. ಹೊಡೆಯುವುದಾದರೆ ಹೊಡೆಯಿರಿ, ಆದರೆ ಅದು ಮೋಸ ಮಾಡಿತು ಅಂತ ಮಾತ್ರ ಹೇಳಬೇಡಿ."

ಅವನು ಮುಚ್ಚಳವನ್ನು ಒನಕೆಯ ತುದಿಯಿಂದ ಎತ್ತಿದ. ಹಾವು ತಲೆ ಎತ್ತಿತು. ಅದರ ಬಾಯಿಯ ಒಂದು ಬದಿ ಇನ್ನೂ ಊದಿಕೊಂಡಿತ್ತು. ಅವನು ಎಳೆದಾಗ ಆದ ಗಾಯ ಅದು. ಹಾವು ನಾಲಗೆ ಚಾಚಿ ಅವನತ್ತ ನೋಡಿತು. ಅದೇ ರೀತಿ ಗೋಡೆಯತ್ತ ನೋಡಿತು. ಒನಕೆಯತ್ತಲೂ ನೋಡಿತು. ಅದರಲ್ಲಿ ಸಿಟ್ಟು ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಬಂದ ಮೊದಲ ದಿನದಿಂದಲೂ ಅದು ತನ್ನನ್ನು ಹೀಗೆಯೇ ನೋಡುತ್ತಿತ್ತು ಎಂಬುದು ಈರಸಂಗಪ್ಪನಿಗೆ ಆಗ ಹೊಳೆಯಿತು. ಅವನು ಮುಚ್ಚಳ ಮುಚ್ಚಿ, ಒನಕೆಯನ್ನು ಅಡುಗೆಮನೆಯಲ್ಲಿ ಇಟ್ಟು ಬಂದ.

ಹಾವಿನ ಬಾಯಿ ವಾಸಿಯಾಗುವ ತನಕ ಅದಕ್ಕೆ ಏನೂ ಕೊಡಲಿಲ್ಲ, ನೀರು ಮಾತ್ರ ಇಟ್ಟ. ಆಮೇಲೆ ಊಟಕ್ಕೆಂದೇ ಬೇರೆ ಒಂದು ಪೆಟ್ಟಿಗೆ ಮಾಡಿಸಿದ. ಕೊಕ್ಕೆಯ ಕೋಲಿನಲ್ಲಿ ಹಾವನ್ನು ಮೆಲ್ಲಗೆ ಎತ್ತಿ ಅದರೊಳಗೆ ಬಿಟ್ಟು, ಇಕ್ಕಳದಲ್ಲಿ ಇಲಿ ಹಿಡಿದು ಕೊಡುವುದನ್ನು ಎಡಗೈಯಲ್ಲೇ ಕಲಿತ. ಮಲಗುವ ಪೆಟ್ಟಿಗೆಯ ಮುಚ್ಚಳ ತೆರೆದರೆ ಊಟ ಎಂಬ ಅಭ್ಯಾಸ ಹಾವಿಗೆ ನಿಧಾನವಾಗಿ ತಪ್ಪಿತು. ಇಲಿ ಮುಟ್ಟಿದರೆ ಸೀಗೆಪುಡಿ ಹಾಕಿ ಕೈ ತೊಳೆಯುತ್ತಿದ್ದ. ತಿಂದ ಮೇಲೆ ಹಾವಿನ ಗೊಡವೆಗೆ ಹೋಗುತ್ತಿರಲಿಲ್ಲ. ನೋಡಲು ಬಂದವರಿಗೆ ಬಳೆ ತೋರಿಸಿ ಕಳಿಸುತ್ತಿದ್ದ.

ಹಾಗೆ ಒಬ್ಬನೇ ಇದ್ದಾಗ ಒಂದು ದಿನ ಅವನು ಹಾವು ತಿನ್ನುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಅದು ಇಲಿಯ ತಲೆಯನ್ನು ಹುಡುಕುತ್ತದೆ. ದವಡೆಯ ಒಂದು ಬದಿ ಮುಂದೆ ಬರುತ್ತದೆ, ಆಮೇಲೆ ಇನ್ನೊಂದು ಬದಿ. ಕುತ್ತಿಗೆ ಉಬ್ಬುತ್ತದೆ, ಉಬ್ಬು ನಿಧಾನವಾಗಿ ಹಿಂದೆ ಸರಿಯುತ್ತದೆ. ಎಲ್ಲ ಮುಗಿದ ಮೇಲೆ ದೊಡ್ಡದಾಗಿ ಆಕಳಿಸಿ ದವಡೆಯನ್ನು ಸರಿಮಾಡಿಕೊಳ್ಳುತ್ತದೆ. ಎಷ್ಟೋ ಸಲ ಉಣಿಸಿದ್ದ, ಆದರೆ ಇದನ್ನು ಅವನು ಕಂಡಿರಲಿಲ್ಲ. ಹೆಂಡತಿ ಬಂದಾಗ ಅವಳಿಗೆ ಹೇಳಿದ. ಅವಳು, "ಹೌದೇ?" ಎಂದು ಪಕ್ಕದಲ್ಲಿ ಕೂತು ಕೇಳಿದಳು.

ಕೆಲವು ವರ್ಷಗಳ ಮೇಲೆ ಹುಚ್ಚೀರಪ್ಪ ತಿರುಗಿ ಬಂದ. ಹಾವು ಪೆಟ್ಟಿಗೆಗೆ ಹಿಡಿಸದಷ್ಟು ಬೆಳೆದಿತ್ತು. ಇಬ್ಬರೂ ಅದನ್ನು ಗಾಡಿಯಲ್ಲಿ ಹೇರಿಕೊಂಡು ಗುಡ್ಡದಾಚೆಯ ಕಾಡಿಗೆ ಹೋದರು. ಮುಚ್ಚಳ ತೆಗೆದರೂ ಅದು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಹಳ್ಳದ ಕಡೆಗೆ ಹುಲ್ಲಿನೊಳಗೆ ಸರಿಯತೊಡಗಿತು.

"ಇರಿ, ಒಮ್ಮೆ ತಿರುಗಿ ನೋಡುತ್ತದೇನೋ" ಎಂದ ಹುಚ್ಚೀರಪ್ಪ.

"ನೀರಿರುವ ಕಡೆಗೆ ಹೋಗುತ್ತಿದೆ, ಬದುಕಿಕೊಳ್ಳುತ್ತದೆ. ನಡೆಯಿರಿ, ಹೊತ್ತಾಯಿತು" ಎಂದು ಈರಸಂಗಪ್ಪ ಗಾಡಿಯನ್ನು ತಿರುಗಿಸಿದ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ.

"ಹಾವಿಗೆ ತಿಳಿಯುವುದಿಲ್ಲ ಗುರುಗಳೇ, ಒಪ್ಪಿದೆ. ಆದರೆ ಆ ದಾರಿಹೋಕ ಮನುಷ್ಯನಲ್ಲವೇ? ಅಷ್ಟು ಪ್ರೀತಿಯಿಂದ ಬಡಿಸುತ್ತಿದ್ದೆ. ಅವನಿಗಾದರೂ ತಿಳಿಯಬೇಡವೇ?"

ಗುರುಗಳು ಕೇಳಿದರು: "ಎಲೆಗೆ ಅನ್ನ ಬಿದ್ದ ಮೇಲೆ, ಅಡಿವೆಪ್ಪ, ಅವನ ಎದುರಿಗೆ ಕೂತು ನೀನು ಏನನ್ನು ಕಾಯುತ್ತಿದ್ದೆ?"

ಆ ಹೊತ್ತಿನ ಪಂಕ್ತಿಯಲ್ಲಿ ಅಡಿವೆಪ್ಪ ದಾರಿಹೋಕನ ಎಲೆಗೆ ಬಡಿಸಿ, ನಿಲ್ಲದೆ ಮುಂದಿನ ಎಲೆಗೆ ಸರಿದ.